ಲಾರಿ ತುಂಬುವ ಮೊದಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನನ್ನ ತಮ್ಮಂದಿರೇ, ತಂಗಿಯರೇ,

ಮಹಾಪೂರ ಬಂದಾಗ ಮೊದಲು ಓಡಿ ಬರುವವರು ನೀವು. 2005, 2009, 2019, 2021, ಯಾವ ವರ್ಷ ನೆನೆದರೂ ಕಣ್ಣೆದುರು ಬರುವುದು ನಿಮ್ಮ ವಯಸ್ಸಿನವರೇ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಹೊಳೆ ಒಮ್ಮೆಲೇ ಏರಿದವು. ಆಲಮಟ್ಟಿಯಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತ್ತು. ಆಗ ಕಾಲೇಜಿನ ಹುಡುಗರು ಟ್ರ್ಯಾಕ್ಟರಿನಲ್ಲಿ ಮುದುಕರನ್ನು, ಬಾಣಂತಿಯರನ್ನು ಕೂರಿಸಿಕೊಂಡು ಬಂದರು. ನೇಕಾರರ ಮನೆಯ ಹೆಣ್ಣುಮಕ್ಕಳು ಮಗ್ಗ ನಿಲ್ಲಿಸಿ ರೊಟ್ಟಿ ಬಡಿದರು. ಆ ಹುಮ್ಮಸ್ಸಿಗೆ ಈ ಮುದುಕ ಕೈ ಮುಗಿಯುತ್ತಾನೆ. ಹುಮ್ಮಸ್ಸು ನಿಮ್ಮಲ್ಲಿ ಬೇಕಾದಷ್ಟಿದೆ, ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ. ಹೊಳೆದಂಡೆಯಲ್ಲಿ ಬೆಳೆದು ತಲೆ ನರೆತವನಾಗಿ ಹೇಳುವುದು ಒಂದೇ ಮಾತು: ನಿಮ್ಮ ಕೈಗೆ ಹತ್ತು ಟನ್ನಿನ ಲಾರಿ ಸಿಕ್ಕರೂ ಅದನ್ನು ನಾಲ್ಕು ಸೀಟಿನ ವಿಮಾನವೆಂದು ತಿಳಿದು ತುಂಬಿರಿ.

ಯಾಕೆ ಹೀಗೆ ಹೇಳುತ್ತೇನೆ, ಕೇಳಿರಿ.

ಅಮೆರಿಕದಲ್ಲಿ ಸ್ವಂತ ಸಣ್ಣ ವಿಮಾನ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. 2017ರಲ್ಲಿ ಟೆಕ್ಸಾಸಿಗೆ ಹಾರ್ವಿ ಚಂಡಮಾರುತ ಅಪ್ಪಳಿಸಿದಾಗ ಅಂಥ ಕೆಲವರು ಸೇರಿ ‘ಆಪರೇಷನ್ ಏರ್‌ಡ್ರಾಪ್’ ಎಂಬ ಸ್ವಯಂಸೇವಕರ ಬಳಗ ಕಟ್ಟಿದರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾದ ಗುಡ್ಡಗಾಡಿಗೆ ನುಗ್ಗಿ ರಸ್ತೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋದಾಗ ಈ ಬಳಗದವರು ಕಾಂಕರ್ಡ್ ಎಂಬ ಊರಿನ ವಿಮಾನ ನಿಲ್ದಾಣದಲ್ಲಿ ಬೀಡುಬಿಟ್ಟರು. ಅಲ್ಲಿಂದ ಗುಡ್ಡದ ನಡುವಿನ ಚಿಕ್ಕ ಚಿಕ್ಕ ರನ್‌ವೇಗಳಿಗೆ ಕೂಸಿನ ಹಾಲಿನ ಪುಡಿ, ಔಷಧ, ಆಹಾರ ಸಾಗಿಸಿದರು. ವಿಮಾನವೂ ಇಳಿಯದ ಜಾಗಕ್ಕೆ ಬೇರೆ ಸ್ವಯಂಸೇವಕರು ಹೇಸರಗತ್ತೆಯ ಮೇಲೆ ಹೊರೆ ಹೇರಿಕೊಂಡು ನಡೆದರು. 2010ರ ಜನವರಿ 12ರಂದು ಹೈಟಿ ದೇಶ ಭೂಕಂಪಕ್ಕೆ ಕುಸಿದಾಗಲೂ ಹೀಗೆಯೇ ಆಗಿತ್ತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಒಂದೇ ರನ್‌ವೇಯಲ್ಲಿ ದೊಡ್ಡ ವಿಮಾನಗಳ ದಟ್ಟಣೆ. ಜಾಕ್ಮೆಲ್ ಎಂಬ ಕಡಲತಡಿಯ ಊರಿನ ಸಣ್ಣ ರನ್‌ವೇಯಲ್ಲಿ ಚಿಕ್ಕ ವಿಮಾನಗಳು ಇಳಿದು ಸಾಮಾನು ಇಳಿಸಿದವು.

ಇಂಥ ವಿಮಾನದ ಹೊರೆ ಎಷ್ಟು ಗೊತ್ತೇ? ಜಗತ್ತಿನ ಎಲ್ಲ ಕಡೆ ಕಾಣುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ಪೈಲಟ್, ಇಂಧನ, ಸಾಮಾನು ಎಲ್ಲ ಸೇರಿ ಸುಮಾರು 400 ಕಿಲೋ. ಟ್ಯಾಂಕು ತುಂಬಿಸಿ ಪೈಲಟ್ ಕೂತ ಮೇಲೆ ಸಾಮಾನಿಗೆ ಎರಡು ಕ್ವಿಂಟಲ್ ಜಾಗ ಉಳಿದರೆ ಅದೇ ಹೆಚ್ಚು. ಹಾಗಾಗಿ ಆ ಪೈಲಟ್ ಒಂದೊಂದು ಡಬ್ಬಿಯನ್ನೂ ತೂಗುತ್ತಾನೆ. ತೂಕ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಲೆಕ್ಕ ಬರೆಯುತ್ತಾನೆ, ಏಕೆಂದರೆ ಹೊರೆ ಹಿಂದಕ್ಕೆ ವಾಲಿದರೆ ವಿಮಾನ ಹತೋಟಿಗೆ ಸಿಗುವುದಿಲ್ಲ. ಇಳಿಯುವ ಜಾಗದಲ್ಲಿ ಸಾಮಾನು ಒಯ್ಯಲು ಯಾರು ನಿಂತಿದ್ದಾರೆ ಎಂದು ಕೇಳದೆ ಎಂಜಿನ್ ಚಾಲು ಮಾಡುವುದಿಲ್ಲ. ಯಾರೋ ಪ್ರೀತಿಯಿಂದ ತಂದ ಗಂಟನ್ನು ‘ಇದು ಬೇಡ’ ಎಂದು ಕೆಳಗಿಳಿಸುವ ಹಕ್ಕು ಅವನಿಗಿದೆ, ಆ ಹಕ್ಕನ್ನು ಅವನು ಚಲಾಯಿಸುತ್ತಾನೆ. ಹೊರೆ ಸಣ್ಣದಾದಷ್ಟೂ ಬುದ್ಧಿ ದೊಡ್ಡದಾಗಬೇಕಾಗುತ್ತದೆ. ಲಾರಿ ಸಿಕ್ಕವರಿಗೆ ಆ ಒತ್ತಾಯ ಇರುವುದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ, ಬ್ಯಾನರ್ ಕಟ್ಟಿ ಹೊರಟುಬಿಡುತ್ತಾರೆ.

ನಮ್ಮ ಕಡೆ ಸ್ವಂತ ವಿಮಾನದವರಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣವೂ ಇಲ್ಲ; ಹತ್ತಿರವೆಂದರೆ ಬೆಳಗಾವಿಯ ಸಾಂಬ್ರಾ, ಇಲ್ಲವೇ ಹುಬ್ಬಳ್ಳಿ. ಆಕಾಶದಿಂದ ನೆರವು ಬಂದರೆ ಅದು ಸೇನಾಪಡೆಗಳ ಹೆಲಿಕಾಪ್ಟರಿನಲ್ಲೇ ಬರಬೇಕು. 2009ರ ಅಕ್ಟೋಬರ್ ಮೊದಲ ವಾರದಲ್ಲಿ, 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ಅದನ್ನು ಕಂಡಿದೆ: ನಡುಗಡ್ಡೆಯಾದ ಊರುಗಳ ಮೇಲೆ ಆಹಾರದ ಪೊಟ್ಟಣ ಇಳಿದವು, ಛಾವಣಿ ಹತ್ತಿ ಕೂತವರನ್ನು ಹಗ್ಗ ಬಿಟ್ಟು ಮೇಲೆಳೆದುಕೊಂಡರು. ಆ ಯೋಧರ ಋಣ ದೊಡ್ಡದು. 2013ರಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ಜನರನ್ನು ಹೊತ್ತು ತರುವಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಿದ್ದು 20 ಮಂದಿ ಜೀವ ತೆತ್ತರು. ಹೆಲಿಕಾಪ್ಟರ್ ಕರೆಸುವುದೆಂದರೆ ಇನ್ನೊಬ್ಬ ತಾಯಿಯ ಮಗನ ಜೀವವನ್ನು ಪಣಕ್ಕಿಡುವುದು, ಅದನ್ನು ಮರೆಯಬೇಡಿರಿ.

ಆಕಾಶದ ನೆರವಿಗೂ ಒಂದು ಮಿತಿ ಇದೆ. ಎಂಐ-17 ಹೆಲಿಕಾಪ್ಟರ್ ಹೆಚ್ಚೆಂದರೆ 4 ಟನ್ ಹೊರುತ್ತದೆ. ಮೂರು ಸಾವಿರ ಜನರ ಒಂದು ಊರು ಎಂದುಕೊಳ್ಳಿ. ತಲೆಗೆ ಅರ್ಧ ಕಿಲೋ ಒಣ ಆಹಾರವೆಂದರೆ ದಿನಕ್ಕೆ ಒಂದೂವರೆ ಟನ್. ಒಂದು ಸುತ್ತಿನಲ್ಲಿ ತರಬಹುದು. ಕುಡಿಯಲು ತಲೆಗೆ ಮೂರು ಲೀಟರ್ ನೀರೆಂದರೆ ಒಂಬತ್ತು ಟನ್. ಒಂದೇ ದಿನ ಮೂರು ಸುತ್ತು ಬರಬೇಕು. ಪರಿಹಾರ ಕಾರ್ಯದಲ್ಲಿ ಜಗತ್ತೆಲ್ಲ ಒಪ್ಪಿದ ‘ಸ್ಫಿಯರ್’ ಕೈಪಿಡಿಯ ಪ್ರಕಾರ ಕುಡಿಯಲು, ಅಡುಗೆಗೆ, ತೊಳೆಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು. ಅದು 45 ಟನ್ ಆಗುತ್ತದೆ. ಸುತ್ತ ಸಮುದ್ರದಂತೆ ನೀರು ನಿಂತಿದ್ದರೂ ಇಷ್ಟು ನೀರನ್ನು ಮೇಲಿನಿಂದ ಇಳಿಸುವುದು ಆಗದ ಮಾತು. ಅದಕ್ಕೇ ಬಾಟಲಿ ನೀರಿನ ಪೆಟ್ಟಿಗೆಗಳಿಂದ ಗಾಡಿ ತುಂಬಿಸುವ ಮೊದಲು ಯೋಚಿಸಿರಿ. ಅಂಗೈಯಲ್ಲಿ ಹಿಡಿಯುವಷ್ಟು ಕ್ಲೋರಿನ್ ಮಾತ್ರೆ ಕೊಡಗಟ್ಟಲೆ ನೀರನ್ನು ಕುಡಿಯಲು ಯೋಗ್ಯ ಮಾಡುತ್ತದೆ. ಊರಿನ ಎತ್ತರದಲ್ಲಿರುವ ಒಂದು ಬೋರಿಗೆ ಜನರೇಟರ್, ಡೀಸೆಲ್ ಒಯ್ದರೆ ನೂರಾರು ಪೆಟ್ಟಿಗೆಯ ಕೆಲಸವಾಗುತ್ತದೆ. ಭೇದಿ ಹತ್ತಿದ ಕೂಸಿಗೆ ಒಂದು ಲೀಟರ್ ನೀರಿಗೆ ಒಂದರಂತೆ ಕಲಸುವ ಓಆರ್‌ಎಸ್ ಪೊಟ್ಟಣ ಜೀವ ಉಳಿಸುತ್ತದೆ. ತೂಕ ಕಡಿಮೆ, ಫಲ ಹೆಚ್ಚು ಇರುವುದನ್ನು ಹುಡುಕುವುದೇ ವಿಮಾನದವನ ಬುದ್ಧಿ.

ಆಹಾರದ ವಿಷಯದಲ್ಲಿ ನಮಗೆ ಹೊರಗಿನಿಂದ ಕಲಿಯುವುದು ಏನೂ ಇಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ: ಹಗುರ, ಒಲೆ ಬೇಕಿಲ್ಲ, ದಿನಗಟ್ಟಲೆ ಕೆಡುವುದಿಲ್ಲ. ನೀರು ಏರುವುದು ಹೆಚ್ಚಾಗಿ ನಾಗರ ಪಂಚಮಿಯ ಆಸುಪಾಸಿನಲ್ಲೇ, ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುವ ಹೊತ್ತು. ಒಂದು ಉಂಡಿ ತಿಂದು ನೀರು ಕುಡಿದರೆ ಮುದುಕರೂ ಅರ್ಧ ದಿನ ತಾಳುತ್ತಾರೆ. ಆದರೆ ರೊಟ್ಟಿಗೆ ನೀರು ತಾಗಿದರೆ ಬೇಗ ಮೆತ್ತಗಾಗುತ್ತದೆ, ಆಮೇಲೆ ಬೂಸಲು ಹಿಡಿಯುತ್ತದೆ. ಹತ್ತು ಹತ್ತು ರೊಟ್ಟಿಗೆ ಒಂದು ಪ್ಲಾಸ್ಟಿಕ್ ಚೀಲ, ಮೇಲೊಂದು ಗಟ್ಟಿ ಗೋಣಿ, ಒಳಗೆ ಹಿಂಡಿ ಬೇರೆ ಕಟ್ಟಿ. ಬೇಯಿಸಿದ ಅನ್ನವನ್ನು ಪೊಟ್ಟಣ ಕಟ್ಟಿ ದೂರ ಒಯ್ಯಬೇಡಿರಿ, ತಲುಪುವಷ್ಟರಲ್ಲಿ ಹಳಸಿರುತ್ತದೆ. ಕಾಳಜಿ ಕೇಂದ್ರದಲ್ಲಿ ಒಲೆ ಇದ್ದರೆ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್ ಕೊಟ್ಟು ಅಲ್ಲಿನ ಹೆಣ್ಣುಮಕ್ಕಳ ಜೊತೆ ನಿಂತು ಅಡುಗೆ ಮಾಡಿರಿ.

ಇಷ್ಟಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅವರಿಗೆ ಏನು ಬೇಕು? ಜಾತ್ರೆಯ ದಾಸೋಹದಲ್ಲಿ ಒಲೆ ಹೊತ್ತಿಸುವ ಮೊದಲು ಎಷ್ಟು ಮಂದಿ ಬರುತ್ತಾರೆಂದು ಕೇಳುವ ನಾವು, ಮಹಾಪೂರದ ಊರಿಗೆ ಹೊರಡುವಾಗ ಯಾಕೆ ಕೇಳುವುದಿಲ್ಲ? ಮುತ್ತೂರಿನವರ ಕಷ್ಟ ಬೇರೆ, ಮಾಚಕನೂರಿನವರ ಕಷ್ಟ ಬೇರೆ. ಜಮಖಂಡಿ ಕಡೆಯ ಕೃಷ್ಣಾ ದಂಡೆಯಲ್ಲಿ ಮನೆ ಬಿಟ್ಟು ಬರಲು ಜನ ಒಪ್ಪುವುದಿಲ್ಲವೆಂದರೆ ಹೆಚ್ಚಾಗಿ ದನಕರುಗಳ ಕಾರಣಕ್ಕೆ. ಒಂದು ಎಮ್ಮೆಗೆ ದಿನಕ್ಕೆ 20-25 ಕಿಲೋ ಹಸಿ ಮೇವು ಬೇಕು. ಕಣಿಕಿ ಬಣವೆ ನೀರಲ್ಲಿ ಮುಳುಗಿದೆ, ಎಮ್ಮೆ ಹಸಿದು ಕೂಗುತ್ತಿದೆ. ಆಗ ಆ ರೈತನ ಕೈಗೆ ಬಿಸ್ಕೀಟು ಪುಡಿಕೆ ಕೊಟ್ಟರೆ ಅವನು ಏನು ಮಾಡಬೇಕು? ಒಂದು ಟ್ರ್ಯಾಕ್ಟರ್ ಕಬ್ಬಿನ ಸೋಗಿ, ಒಂದು ಟ್ರ್ಯಾಕ್ಟರ್ ಕಣಿಕಿ ಎತ್ತರದ ಜಾಗಕ್ಕೆ ಬಂದಿದೆಯೆಂದು ತಿಳಿದರೆ ಅವನು ದನಗಳನ್ನೂ ಹೊಡೆದುಕೊಂಡು, ಹೆಂಡರು ಮಕ್ಕಳನ್ನೂ ಕರೆದುಕೊಂಡು ಹೊರಗೆ ಬರುತ್ತಾನೆ. ಮೇವು ಜನರನ್ನೂ ಉಳಿಸುತ್ತದೆ.

ರಬಕವಿ-ಬನಹಟ್ಟಿಯ ಮನೆಗಳಲ್ಲಿ ಸಂಕಟ ಇನ್ನೊಂದು ಬಗೆಯದು. ನೀರು ಒಳಗೆ ಬಂದರೆ ಮೊದಲು ತುಂಬುವುದು ಮಗ್ಗದ ಕುಣಿ. ಹಾಸಿನ ನೂಲು ನೆನೆಯುತ್ತದೆ, ಪವರ್‌ಲೂಮಿನ ಮೋಟಾರಿಗೆ ಕೆಸರು ಹೋಗುತ್ತದೆ. ಆ ಮನೆಗೆ ಹೊಟ್ಟೆಗೆ ಹಾಕುವುದು ನಾಲ್ಕು ದಿನದ ಮಾತು, ಮಗ್ಗ ತಿರುಗಿಸುವುದು ತಿಂಗಳುಗಳ ಮಾತು. ಮೋಟಾರು ಬಿಚ್ಚಿ ಒಣಗಿಸಿ ಕೂಡಿಸಬಲ್ಲ ಐಟಿಐ ಹುಡುಗರು ನಾಲ್ಕು ಜನ ಹೋದರೆ ಅದಕ್ಕಿಂತ ದೊಡ್ಡ ಕಿಟ್ ಇಲ್ಲ. ಬೀಳಗಿ ಕಡೆ, ಆಲಮಟ್ಟಿಯ ಹಿನ್ನೀರಿಗೆ ಒಮ್ಮೆ ಹಳೆಯ ಊರನ್ನೇ ಕೊಟ್ಟು ಪುನರ್ವಸತಿ ಕೇಂದ್ರಗಳಲ್ಲಿ ಬದುಕು ಕಟ್ಟಿಕೊಂಡ ಜನರಿದ್ದಾರೆ. ಅವರ ಮುಂದೆ ಧೈರ್ಯದ ಭಾಷಣ ಬೇಡ. ಕೂತು ಕೇಳಿರಿ, ಅವರಿಗೆ ಕಾಗದಪತ್ರದ ಕೆಲಸ ಇರುತ್ತದೆ, ಅದನ್ನು ಮಾಡಿಕೊಡಿರಿ.

ಬೇಡದ್ದನ್ನು ಒಯ್ಯುವುದರಿಂದ ಏನಾಗುತ್ತದೆಂದು ದೇಶ ಕಂಡಿದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲ ಕಡೆಯಿಂದ ಹಳೆಯ ಬಟ್ಟೆ ಹರಿದು ಬಂತು. ಯಾರೂ ಉಡಲಾರದ ಆ ಬಟ್ಟೆ ರಸ್ತೆಯ ಬದಿಯಲ್ಲಿ ರಾಶಿಬಿತ್ತು. ಅದನ್ನು ಆರಿಸಿ ಬಳಕೆಗೆ ತರುವುದೇ ‘ಗೂಂಜ್’ ಸಂಸ್ಥೆಯವರಿಗೆ ದೊಡ್ಡ ಕೆಲಸವಾಯಿತು. 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳದ ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಸಾಮಾನು ಬಂದು ಬಿದ್ದಿತ್ತು, ಗುಡ್ಡದ ಮೇಲಿನ ಹಳ್ಳಿಗಳು ಕಾಯುತ್ತಲೇ ಇದ್ದವು. ನಮ್ಮಲ್ಲೂ ನೋಡಿದ್ದೇನೆ: ದೂರದಿಂದ ಬಂದ ಲಾರಿ ಸೇತುವೆಯ ಈಚೆಗೇ ನಿಂತು, ಅಲ್ಲಿ ಮೊದಲು ಕೈಚಾಚಿದವರಿಗೆ ಎಲ್ಲ ಹಂಚಿ ಹೊರಟುಹೋಯಿತು, ಆಚೆ ದಂಡೆಯ ಊರಿಗೆ ಒಂದು ಚೀಲವೂ ಮುಟ್ಟಲಿಲ್ಲ. ಆದ್ದರಿಂದ ಹೊರಡುವ ಮೊದಲು ಆ ಊರಿನ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿರಿ: ಗ್ರಾಮ ಪಂಚಾಯಿತಿಯ ಸಿಬ್ಬಂದಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್. ಜಿಲ್ಲಾಡಳಿತದ 1077 ನಂಬರಿಗೆ ತಿಳಿಸಿರಿ. ಯಾವ ರಸ್ತೆ ತೆರೆದಿದೆ, ಇಳಿಸಿಕೊಳ್ಳುವವರು ಯಾರು, ಇಡುವ ಜಾಗ ಎಲ್ಲಿ, ಇಷ್ಟು ತಿಳಿಯದೆ ಗಾಡಿ ಬಿಡಬೇಡಿರಿ. ಯಾರಾದರೂ ಹರಕು ಬಟ್ಟೆಯ ಗಂಟು ತಂದುಕೊಟ್ಟರೆ ‘ಅಣ್ಣಾ, ಇದು ಬೇಡ, ಇದರ ಬದಲು ಒಂದು ಹೊಸ ಟವೆಲ್, ಒಂದು ಚಾದರ ಕೊಡ್ರಿ’ ಎಂದು ನಗುಮುಖದಿಂದಲೇ ಹೇಳಿರಿ. ಬೇಡ ಎನ್ನಲು ಸಂಕೋಚಪಟ್ಟವರು ಬೇಕಾದ್ದನ್ನು ಒಯ್ಯಲಾರರು.

ಹಂಚುವುದು ಇನ್ನೂ ಕಠಿಣ. ಮೇಲಿನಿಂದ ಪೊಟ್ಟಣ ಬಿದ್ದರೆ ಕಸುವುಳ್ಳವರು ಮೊದಲು ಓಡಿ ಹಿಡಿಯುತ್ತಾರೆ. ಲಾರಿಯ ಹಿಂದೆಯೂ ಅದೇ ನೂಕುನುಗ್ಗಲು. ಮನೆಯಿಂದ ಹೊರಗೆ ಬರಲಾರದ ಒಂಟಿ ಮುದುಕಿ, ದಿನ ತುಂಬಿದ ಬಸುರಿ, ಕಾಲಿಲ್ಲದವನು, ಊರ ಹೊರಗಿನ ಕೇರಿ, ಗುಡಾರ ಹಾಕಿಕೊಂಡ ಅಲೆಮಾರಿಗಳು, ರೇಶನ್ ಕಾರ್ಡು ಬೇರೆ ಊರಿನಲ್ಲಿರುವ ಕೂಲಿಯವರು, ಇವರ ಹೆಸರು ಯಾವ ಪಟ್ಟಿಯಲ್ಲೂ ತಾನಾಗಿ ಬರುವುದಿಲ್ಲ. ಪಟ್ಟಿಯನ್ನು ಇವರಿಂದಲೇ ಶುರು ಮಾಡಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಬಿಪಿ ಗುಳಿಗೆ ತಪ್ಪಿಸಬಾರದವರು ಯಾರು ಯಾರೆಂದು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಅವರ ಮಾತನ್ನು ಕೇಳಿರಿ. ತಿಂಗಳ ಬಟ್ಟೆ, ಪ್ಯಾಡು, ಒಳಉಡುಪು ಕೇಳಲು ಹೆಣ್ಣುಮಕ್ಕಳಿಗೆ ನಾಚಿಕೆ. ನಿಮ್ಮ ಗುಂಪಿನ ಹುಡುಗಿಯರು ತಾವಾಗಿ ಕೇಳಿ ಕೊಡಲಿ. ಕೊಡುವಾಗ ತೆಗೆದುಕೊಳ್ಳುವವರ ಮುಖದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿರಿ. ನಿನ್ನೆಯವರೆಗೆ ನಾಲ್ಕು ಮಂದಿಗೆ ಅನ್ನ ಹಾಕಿದ ಮನೆಯವರು ಅವರು, ನಾಳೆ ಮತ್ತೆ ಹಾಕುವವರು.

ಇನ್ನು ನಿಮ್ಮ ಜೀವದ ಮಾತು. ಮುಧೋಳ-ಯಾದವಾಡ ರಸ್ತೆಯ ಸೇತುವೆಯ ಮೇಲೆ ನೀರು ಹರಿಯುವಾಗ ಟ್ರ್ಯಾಕ್ಟರ್ ಇಳಿಸುವ ಪಂಥ ಬೇಡ. ಮೊಣಕಾಲ ಮಟ್ಟದ ಹರಿವೂ ಮನುಷ್ಯನ ಕಾಲು ಕೀಳುತ್ತದೆ, ಕೆಳಗೆ ರಸ್ತೆಯೇ ಇಲ್ಲದಿರಬಹುದು. ಲೈಫ್ ಜಾಕೆಟ್ ಇಲ್ಲದೆ ಬೋಟು ಹತ್ತಬೇಡಿರಿ, ಎಷ್ಟೇ ಈಜು ಬಂದರೂ. ಹೊಳೆಯ ಸುಳಿ, ಮುಳ್ಳುಕಂಟಿ, ಮುಳುಗಿದ ತಂತಿಬೇಲಿ ಎಲ್ಲಿವೆ ಎಂದು ಮೀನುಗಾರರಿಗೆ, ಅಂಬಿಗರಿಗೆ ಗೊತ್ತು. ಅವರು ‘ಬ್ಯಾಡ’ ಎಂದರೆ ಅದೇ ಕೊನೆಯ ಮಾತು. ಹೆಲಿಕಾಪ್ಟರ್ ಬರುವುದಿದ್ದರೆ ಕರೆಂಟಿನ ತಂತಿ, ಮರ ಇಲ್ಲದ ಸಪಾಟು ಮೈದಾನ ತೋರಿಸಿರಿ. ಸುತ್ತಲಿನ ತಗಡು, ತಾಡಪತ್ರಿ, ಹುಲ್ಲು ತೆಗೆಯಿರಿ. ರೆಕ್ಕೆಯ ಗಾಳಿಗೆ ಅವು ಹಾರಿ ಜನರಿಗೂ ಬಡಿಯುತ್ತವೆ, ಎಂಜಿನ್ನಿಗೂ ಸಿಗುತ್ತವೆ. ಮಕ್ಕಳನ್ನು ದೂರ ನಿಲ್ಲಿಸಿರಿ. ಒಳಗಿನವರು ಕೈಸನ್ನೆ ಮಾಡುವವರೆಗೆ ಹತ್ತಿರ ಹೋಗಬೇಡಿರಿ, ಬಾಲದ ಕಡೆಗಂತೂ ಎಂದೂ ಹೋಗಬಾರದು.

ಮದುವೆಯ ವಿಡಿಯೊ ತೆಗೆಯುವ ಡ್ರೋನು ಈಗ ಊರೂರಿಗಿದೆ. ಮಹಾಪೂರದ ದೃಶ್ಯ ಹಿಡಿಯುವ ಆಸೆಗೆ ಅದನ್ನು ಹಾರಿಸಬೇಡಿರಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಳ್ಗಿಚ್ಚಿನ ವೇಳೆ ಹವ್ಯಾಸಿಯೊಬ್ಬನ ಡ್ರೋನು ನೀರು ಸುರಿಯುವ ವಿಮಾನಕ್ಕೆ ಬಡಿದು ರೆಕ್ಕೆಗೆ ತೂತು ಬಿತ್ತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನ ನೆಲಕ್ಕಿಳಿದು ನಿಂತಿತು. ತಹಸೀಲ್ದಾರರು, ಪೊಲೀಸರು ಕೇಳಿಕೊಂಡರೆ ಮಾತ್ರ, ಅವರ ಕಣ್ಣೆದುರೇ ಹಾರಿಸಿರಿ.

ನೀರು ಇಳಿದ ಮೇಲಿನ ದಿನಗಳ ಬಗ್ಗೆ ಒತ್ತಿ ಹೇಳುತ್ತೇನೆ. ಟಿವಿಯವರು ಹೋಗುತ್ತಾರೆ, ಲಾರಿಗಳು ನಿಲ್ಲುತ್ತವೆ, ಜನ ಕೆಸರು ತುಂಬಿದ ಮನೆಗೆ ಮರಳುತ್ತಾರೆ. ನಿಜವಾಗಿ ಕೈ ಬೇಕಾಗುವುದು ಆಗ. ಕೆಸರು ಎತ್ತಲು ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪುಡಿ, ಗಂಬೂಟು ಬೇಕು. ಮೂಲೆಯಲ್ಲಿ ಹಾವು ಸೇರಿರುತ್ತದೆ, ಗೋಡೆ ನೆನೆದು ಕುಸಿಯುವ ಹಾಗಿರುತ್ತದೆ. ಮನೆ, ಬೆಳೆ ಹಾನಿಯ ಸಮೀಕ್ಷೆಗೆ ಅಧಿಕಾರಿಗಳು ಬರುವ ಹೊತ್ತಿಗೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ನೀರುಪಾಲಾಗಿರುತ್ತವೆ. ಓದು ಬಲ್ಲ ಇಬ್ಬರು ಮಕ್ಕಳು ಒಂದು ಮೇಜು ಹಾಕಿ ಕೂತು ಅರ್ಜಿ ಬರೆದುಕೊಟ್ಟರೆ, ಕೆಸರು ತೆಗೆಯುವ ಮೊದಲೇ ಬಿದ್ದ ಗೋಡೆಯ ಫೋಟೋ ತೆಗೆದಿಟ್ಟರೆ, ಒಂದು ಮನೆಗೆ ಬರಬೇಕಾದ ಪರಿಹಾರ ತಪ್ಪದೆ ಬರುತ್ತದೆ. ಈ ಕೆಲಸ ಒಂದು ವಾರದಲ್ಲಿ ಮುಗಿಯುವಂಥದ್ದಲ್ಲ; 2009ರ ನಂತರ ‘ಆಸರೆ’ ಯೋಜನೆಯಲ್ಲಿ ಸರಕಾರ, ದಾನಿಗಳು ಸೇರಿ ಊರೂರು ಮನೆ ಕಟ್ಟಿಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮೊದಲ ವಾರ ರೊಟ್ಟಿ ಕೊಟ್ಟವರು ಮೂರನೆಯ ತಿಂಗಳೂ ಆ ಊರಿಗೆ ಒಮ್ಮೆ ಹೋಗಿ ಬರುವ ವ್ರತ ಹಿಡಿಯಿರಿ.

ಇಷ್ಟೆಲ್ಲ ನಿಮ್ಮಿಂದ ಆದೀತೇ ಎಂಬ ಅನುಮಾನ ನನಗಿಲ್ಲ, ಯಾಕೆಂದರೆ ಇದು ಚಿಕ್ಕಪಡಸಲಗಿಯ ಮಣ್ಣು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ಸರಕಾರದ ಹಾದಿ ಕಾಯದೆ, ತಾವೇ ವಂತಿಗೆ ಹಾಕಿ, ತಾವೇ ಮೈಬಗ್ಗಿಸಿ ದುಡಿದು ಹೊಳೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಅಂದು ಬುಟ್ಟಿ ಹೊತ್ತವರು ನಿಮ್ಮ ಅಜ್ಜಂದಿರು, ಅಪ್ಪಂದಿರು. ಬರದ ಸಂಕಟಕ್ಕೆ ಅವರು ಹಾಗೆ ಉತ್ತರ ಕೊಟ್ಟರು. ಮಹಾಪೂರಕ್ಕೆ ಉತ್ತರ ಕೊಡುವುದು ನಿಮ್ಮ ಪಾಳಿ.

ಭೂಕಂಪ ಹೇಳಿ ಬರುವುದಿಲ್ಲ. ನಮ್ಮ ಹೊಳೆಗಳು ಹೇಳಿಯೇ ಬರುತ್ತವೆ. 105 ಟಿಎಂಸಿಯ ಕೊಯ್ನಾ ತುಂಬುತ್ತಾ ಬಂದಾಗ, ರಾಜಾಪುರ ಬ್ಯಾರೇಜಿನ ಹರಿವು ಏರಿದಾಗ, 51 ಟಿಎಂಸಿಯ ಹಿಡಕಲ್‌ನ ಗೇಟು ಎತ್ತಿದಾಗ ಇಲ್ಲಿಗೆ ಆ ನೀರು ಮುಟ್ಟುವ ಮೊದಲು ನಮಗೆ ಒಂದಿಷ್ಟು ವೇಳೆ ಸಿಗುತ್ತದೆ. ಆ ವೇಳೆಯನ್ನು ಸಾಮಾನು ಹುಡುಕುವುದರಲ್ಲಿ ಕಳೆಯಬಾರದು. ಹಾಗಾಗಿ ಈ ಬೇಸಿಗೆ ಮುಗಿಯುವುದರೊಳಗೆ ಒಂದು ಕೆಲಸ ಮಾಡಿರಿ. ನಿಮ್ಮ ಗೆಳೆಯರ ಬಳಗ ಹೊಳೆದಂಡೆಯ ಒಂದೇ ಒಂದು ಊರನ್ನು ತನ್ನದೆಂದು ಹಿಡಿಯಲಿ. ತುಬಚಿ ಇರಲಿ, ತಮದಡ್ಡಿ ಇರಲಿ, ಮಿರ್ಜಿ ಇರಲಿ, ಗಲಗಲಿ ಇರಲಿ. ಅಲ್ಲಿಗೆ ಹೋಗಿ ಹಿರಿಯರ ಜೊತೆ ಕೂತು ಒಂದು ವಹಿ ಬರೆಯಿರಿ: ನಡೆಯಲಾರದವರು ಯಾರು, ಯಾರಿಗೆ ಯಾವ ಗುಳಿಗೆ, ಎಷ್ಟು ದನ, ಎತ್ತರದ ಶಾಲೆ ಯಾವುದು, ಸಪಾಟು ಮೈದಾನ ಎಲ್ಲಿ, ಬೋಟು ಯಾರ ಬಳಿ ಇದೆ, ಯಾರ ಫೋನಿಗೆ ಕರೆ ಮಾಡಬೇಕು. ಒಂದು ಪ್ರತಿ ಪಂಚಾಯಿತಿಗೆ ಕೊಡಿರಿ, ಒಂದು ನಿಮ್ಮ ಬಳಿ ಇರಲಿ, ಪ್ರತಿ ವರ್ಷ ಮೇ ತಿಂಗಳಲ್ಲಿ ತಿದ್ದಿರಿ. ನೀರು ಏರಿದ ದಿನ ಆ ವಹಿ ಬಿಚ್ಚಿ, ಅದರಲ್ಲಿ ಬರೆದಿದ್ದನ್ನಷ್ಟೇ ತೂಗಿ ಗಾಡಿಗೆ ಹೇರಿರಿ. ಒಂದೊಂದು ಗಂಟಿನ ಮೇಲೂ ಅದು ಯಾರ ಮನೆಗೆಂದು ಬರೆದಿರಲಿ. ಹಾಗೆ ಹೊರಟ ಗಾಡಿ ಚಿಕ್ಕದಾದರೂ ಒಂದು ಊರನ್ನು ಉಳಿಸುತ್ತದೆ.